‘ಸಮಸ್ಯೆ’ ಅಂದರೆ ತೊಂದರೆಯೋ, ಪ್ರಶ್ನೆಯೋ? ನರ್ಸಿಂಗ್ ತರಗತಿಯಿಂದ ಒಂದು ಪದದ ತಕರಾರು

ಎಲ್ಲರಿಗೂ ನಮಸ್ಕಾರ.

ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ. ನಾನು ಒಂದು ಜಿಲ್ಲಾ ಕೇಂದ್ರದ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಈ ವರ್ಷ ಬಿ.ಎಸ್ಸಿ. ಮಕ್ಕಳಿಗೆ ‘ಪ್ರಾಬ್ಲಂ ಬೇಸ್ಡ್ ಲರ್ನಿಂಗ್’ ಪದ್ಧತಿಯಲ್ಲಿ ಕೆಲವು ತರಗತಿ ನಡೆಸಿದೆ. ಮುಕ್ಕಾಲು ಪಾಲು ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು. ಅವರಿಗೆಂದು ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಬರೆಯಲು ಕೂತೆ. ತಲೆಬರಹದಲ್ಲೇ ಪೆನ್ನು ನಿಂತಿತು.

ಎಲ್ಲರೂ ಬರೆಯುವುದು ‘ಸಮಸ್ಯೆ ಆಧಾರಿತ ಕಲಿಕೆ’ ಅಂತ. (‘ಆಧಾರಿತ’ ತಪ್ಪು, ‘ಆಧೃತ’ ಅನ್ನಬೇಕು ಅನ್ನುವವರು ಇಲ್ಲಿ ಇದ್ದೇ ಇರುತ್ತೀರಿ. ಆ ಜಗಳ ಇನ್ನೊಂದು ದಿನ ಆಡೋಣ.) ನನ್ನ ತಕರಾರು ‘ಸಮಸ್ಯೆ’ಯ ಮೇಲೆ.

ಪದ್ಧತಿ ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು ಶುರುವಾದದ್ದು ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, 1969ರಲ್ಲಿ. ಆಮೇಲೆ ನರ್ಸಿಂಗ್‌ಗೂ ಬಂತು. ಇದರಲ್ಲಿ ಮೊದಲು ಪಾಠ, ಆಮೇಲೆ ರೋಗಿ ಅಲ್ಲ. ಮೊದಲೇ ಒಬ್ಬ ರೋಗಿಯ ಕತೆ ಕೈಗೆ ಬರುತ್ತದೆ. ಎಂಟು ಹತ್ತು ಮಂದಿ ಕೂತು ಅದನ್ನು ಓದಿ, ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಅಂತ ಬೇರೆ ಮಾಡಿ, ಗೊತ್ತಿಲ್ಲದ್ದನ್ನು ತಾವೇ ಓದಿಕೊಂಡು ಬಂದು ಒಬ್ಬರಿಗೊಬ್ಬರು ಹೇಳಬೇಕು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನವರು ಇದನ್ನು ಏಳು ಹೆಜ್ಜೆಯಾಗಿ ಮಾಡಿದರು. ನಾನು ಏಳು ಹೆಜ್ಜೆ ಅಂದ ಕೂಡಲೇ ಹಿಂದಿನ ಬೆಂಚಿನಿಂದ “ಸಪ್ತಪದಿನಾ ಮ್ಯಾಮ್?” ಅಂತ ಬಂತು.

ಅದರ ಎರಡನೇ ಹೆಜ್ಜೆ ‘ಸಮಸ್ಯೆ ಏನೆಂದು ಗುರುತಿಸಿ’. ಎಡವಟ್ಟಾದದ್ದು ಇಲ್ಲೇ.

ನಾನು ಕೊಟ್ಟಿದ್ದ ಕತೆ ಹೀಗಿತ್ತು. 58 ವರ್ಷದ ರೈತ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣು, ಮೂರು ವಾರವಾದರೂ ಮಾಗಿಲ್ಲ. “ನೋವೇನೂ ಇಲ್ಲ ಸಿಸ್ಟರ್” ಅನ್ನುತ್ತಾನೆ. ಮಕ್ಕಳು ‘ಸಮಸ್ಯೆ’ ಅನ್ನುವ ತಲೆಬರಹ ಹಾಕಿ ಬರೆದರು: ಹುಣ್ಣು, ಸಕ್ಕರೆ ಜಾಸ್ತಿ, ದುಡ್ಡಿಲ್ಲ, ಜೊತೆಗೆ ಯಾರೂ ಬಂದಿಲ್ಲ. ತಪ್ಪೇನಿಲ್ಲ, ಎಲ್ಲವೂ ನಿಜವಾದ ತೊಂದರೆಗಳೇ. ಆದರೆ ಆ ಹೆಜ್ಜೆ ಕೇಳುವುದು ತೊಂದರೆಗಳ ಪಟ್ಟಿಯನ್ನಲ್ಲ, ಪ್ರಶ್ನೆಯನ್ನು. ಅಷ್ಟು ದೊಡ್ಡ ಹುಣ್ಣಿದ್ದೂ ನೋವು ಯಾಕಿಲ್ಲ? ಅದು ಯಾಕೆ ಮಾಗುತ್ತಿಲ್ಲ? ಪಟ್ಟಿ ಮುಗಿದ ಮೇಲೆ ಎಲ್ಲರೂ ಸುಮ್ನೆ ಕೂತರು. ಅವರ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ನರ್ಸಿಂಗ್ ಮಕ್ಕಳಿಗೆ ಇದು ಇನ್ನೂ ಕಷ್ಟ. ವಾರ್ಡಿನಲ್ಲಿ “ಬೆಡ್ ನಾಲ್ಕಕ್ಕೆ ಏನು ಪ್ರಾಬ್ಲಂ?” ಅನ್ನುವುದು ದಿನಾ ಕಿವಿಗೆ ಬೀಳುವ ಮಾತು. ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆಯುವಾಗಲೂ ಪ್ರಾಬ್ಲಂ ಅಂದರೆ ರೋಗಿಗೆ ಆಗುತ್ತಿರುವ ಕಷ್ಟ, ಅದಕ್ಕೆ ನಾವು ಮಾಡುವ ಉಪಾಯ. ಹಾಗಾಗಿ ಪ್ರಾಬ್ಲಂ ಅಂದ ಕೂಡಲೇ ಅವರ ಕೈ ಪರಿಹಾರಕ್ಕೆ ಹೋಗುತ್ತದೆ. ಈ ಪದ್ಧತಿಯಲ್ಲಿ ಪರಿಹಾರ ಸಿಗಲೇಬೇಕು ಅಂತಿಲ್ಲ. ಕತೆ ಬರೀ ಕಿಡಿ, ಹತ್ತಿಕೊಳ್ಳಬೇಕಾದದ್ದು ಓದು.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ಹುಡುಗಿ. “ನಮ್ಮ ತಾತನೂ ಹೀಗೇ ಮ್ಯಾಮ್, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಕಾಲು ಜೋಮು ಅಂತಾರೆ” ಅಂದಳು. ಜೋಮು! ಅಲ್ಲಿಂದ ಬಂಡಿ ಹೊರಟಿತು. ಮಾರನೇ ವಾರ ಆಕೆಯ ಗುಂಪು ಸಕ್ಕರೆ ಕಾಯಿಲೆಯಲ್ಲಿ ನರ ಹಾಳಾಗುವುದು, ಕಾಲಿಗೆ ರಕ್ತ ಸರಿಯಾಗಿ ಹರಿಯದಿರುವುದು, ದಿನಾ ಅಂಗಾಲು ನೋಡಿಕೊಳ್ಳುವುದು, ಬರಿಗಾಲಲ್ಲಿ ಓಡಾಡಬಾರದು ಅನ್ನುವುದು ಎಲ್ಲವನ್ನೂ ಓದಿಕೊಂಡು ಬಂತು. ಪಕ್ಕದ ಗುಂಪಿನವರು ಮಾತ್ರ “ಇದು ಎಕ್ಸಾಮ್‌ಗೆ ಬರುತ್ತಾ? ನೋಟ್ಸ್ ಕೊಡ್ತೀರಾ?” ಅಂತ ಕೊನೆಯವರೆಗೂ ಕೇಳುತ್ತಲೇ ಇದ್ದರು. ಅವರನ್ನು ಬೈಯಲಾರೆ. ಪರೀಕ್ಷೆ ಇನ್ನೂ ಹಳೇ ದಾರಿಯಲ್ಲೇ ಇದೆ.

ಈಗ ಪದಕ್ಕೆ ಬರೋಣ. ‘ತೊಂದರೆ’, ಧಾರವಾಡದ ‘ತ್ರಾಸ’, ಮಂಗಳೂರಿನ ‘ಉಪದ್ರ’ ಯಾವುದೂ ಆಗದು, ಎಲ್ಲವೂ ನೋವಿನ ಕಡೆಯವು. ‘ಒಗಟು’ ಚೆನ್ನಾಗಿದೆ, ಬಿಡಿಸಲೂ ಬರುತ್ತದೆ. ಆದರೆ ಒಗಟು ಹಾಕುವವಳಿಗೆ ಉತ್ತರ ಮೊದಲೇ ಗೊತ್ತು, ಮತ್ತು ಉತ್ತರ ಒಂದೇ. ‘ತೊಡಕು’ ನನಗೆ ತುಂಬಾ ಹಿಡಿಸಿತ್ತು. ನಮ್ಮ ಮಂಡ್ಯದ ಸಹೋದ್ಯೋಗಿ ಕೇಳಿದ ಕೂಡಲೇ ನಕ್ಕುಬಿಟ್ಟರು. ಅವರಿಗೆ ತೊಡಕು ಅಂದರೆ ಯುಗಾದಿ ಮಾರನೇ ದಿನದ ಬಾಡೂಟ.

ಹುಡುಕುತ್ತಾ ಹೋದರೆ ‘ಸಮಸ್ಯೆ’ಗೇ ಬೇರೆ ಹುಟ್ಟು ಇದೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಕೂಡಿಸುವುದು, ಒಟ್ಟು ಹಾಕುವುದು. ಇನ್ನೊಬ್ಬರು ಪೂರ್ತಿ ಮಾಡಲಿ ಅಂತ ಕೊಟ್ಟ ಪದ್ಯದ ತುಂಡಿಗೂ ಸಮಸ್ಯೆ ಅಂತಲೇ ಹೆಸರು. ಶತಾವಧಾನಿ ಗಣೇಶರ ಅವಧಾನ (ವೇದಿಕೆಯಲ್ಲಿ ಹಲವರು ಒಡ್ಡುವ ಸವಾಲುಗಳಿಗೆ ಅಲ್ಲೇ ಪದ್ಯ ಕಟ್ಟಿ ಉತ್ತರಿಸುವ ಕಲೆ) ನೋಡಿದವರಿಗೆ ಇದು ಹೊಸದಲ್ಲ. ಅದರ ಒಂದು ಭಾಗವಾದ ಸಮಸ್ಯಾಪೂರಣದಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಅರ್ಥವೇ ಕೂಡದಂಥ ಒಂದು ಕೊನೇ ಸಾಲು ಕೊಡುತ್ತಾರೆ. ಅದಕ್ಕೆ ಅರ್ಥ ಬರುವ ಹಾಗೆ ಮೇಲಿನ ಮೂರು ಸಾಲು ಕಟ್ಟಬೇಕು. “ಹುಣ್ಣಿದೆ, ನೋವಿಲ್ಲ” ಅನ್ನುವುದೂ ಅಂಥದೇ ಕೊನೇ ಸಾಲಲ್ವಾ? ಮೇಲಿನ ಮೂರು ಸಾಲು ಮಕ್ಕಳು ಕಟ್ಟಬೇಕು. ಹಾಗೆ ನೋಡಿದರೆ ‘ಸಮಸ್ಯೆ’ಗಿಂತ ಸರಿಯಾದ ಪದವೇ ಇಲ್ಲ. ಏನು ಮಾಡುವುದು, ಆ ಅರ್ಥ ಅವಧಾನದ ವೇದಿಕೆಯಿಂದ ಕೆಳಗೆ ಇಳಿದೇ ಇಲ್ಲ.

ಇನ್ನೊಂದು ಚಿಕ್ಕ ಪ್ರಶ್ನೆ. ಗುಂಪಿನ ಜೊತೆ ಕೂತು, ಪಾಠ ಮಾಡದೆ, ದಾರಿ ತಪ್ಪದಂತೆ ನೋಡಿಕೊಳ್ಳುವವರಿಗೆ ಏನನ್ನೋಣ? ಶಿಕ್ಷಣ ಇಲಾಖೆಯವರು ‘ಸುಗಮಕಾರರು’ ಅನ್ನುತ್ತಾರೆ. ಕೃಷಿ ಇಲಾಖೆಯಲ್ಲಿ ‘ರೈತ ಅನುವುಗಾರರು’ ಇದ್ದರು. ನನ್ನ ಮತ ಅನುವುಗಾರರಿಗೆ. ಸುಗಮ ಮಾಡುವುದು ನನ್ನ ಕೆಲಸ ಅಲ್ಲ, ಎಷ್ಟೋ ಸಲ ನಾನೇ ಬೇಕಂತಲೇ ಕಷ್ಟ ಮಾಡುತ್ತೇನೆ.

ಸದ್ಯಕ್ಕೆ ‘ಸಮಸ್ಯೆ ಹಿಡಿದು ಕಲಿಯುವುದು’ ಅಂತ ಬರೆದಿಟ್ಟಿದ್ದೇನೆ. ಎರಡನೇ ಹೆಜ್ಜೆಯಲ್ಲಿ ಮಾತ್ರ ‘ಸಮಸ್ಯೆ’ ತೆಗೆದು ‘ಇಲ್ಲಿ ಯಾವುದು ಅರ್ಥವಾಗುತ್ತಿಲ್ಲ?’ ಅಂತ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದು ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ. ಪದ್ಯದ ಆಚೆ, ಮನೆಮಾತಿನಲ್ಲಿ ‘ಸಮಸ್ಯೆ’ಯನ್ನು ತೊಂದರೆಯಲ್ಲದ ಅರ್ಥದಲ್ಲಿ ಆಡುವ ಊರು ಯಾವುದಾದರೂ ಇದ್ದರೆ ಅದೂ ಬೇಕು.

ಅಂದ ಹಾಗೆ, ಮಕ್ಕಳು ಆಗಲೇ ತಮ್ಮದೇ ಹೆಸರು ಇಟ್ಟುಕೊಂಡಿದ್ದಾರೆ. ಕತೆಯನ್ನು ತುಂಡು ಕಾಗದದಲ್ಲಿ ಕೊಡುತ್ತೇನಲ್ಲ, ಅದಕ್ಕೆ ‘ಚೀಟಿ ಕ್ಲಾಸ್’. ನನಗೇನೋ ಇಷ್ಟವೇ. ಆದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಇಟ್ಟುಕೊಳ್ಳುವುದೂ ಚೀಟಿಯೇ ಆದ್ದರಿಂದ, ಪ್ರಿನ್ಸಿಪಾಲರು ಒಪ್ಪುತ್ತಿಲ್ಲ.