ಸಹಾಯ ಬೇಕು: ಮೂಡಿಗೆರೆ ಸುತ್ತ ಸರ್ಕಾರಿ ಮನೋವೈದ್ಯರು ಬೇಗ ಎಲ್ಲಿ ಸಿಗುತ್ತಾರೆ?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಹತ್ತಿರದವರು. ನನ್ನ ತಮ್ಮ ಕೆಲವು ವಾರಗಳಿಂದ ನಿದ್ದೆ ಮಾಡುತ್ತಿಲ್ಲ. ರಾತ್ರಿಯಿಡೀ ಎದ್ದೆದ್ದು ಬಾಗಿಲ ಚಿಲಕ ಎಳೆದು ನೋಡುತ್ತಾನೆ. ಹೊರಗೆ ಯಾರೋ ಹೆಸರು ಹಿಡಿದು ಕರೆಯುತ್ತಿದ್ದಾರೆ ಎನ್ನುತ್ತಾನೆ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಕೂತೆವು. ಮನೋವೈದ್ಯರು ಇಲ್ಲ, ಮುಂದಿನ ತಿಂಗಳು ಬನ್ನಿ ಎಂದರು. ಕಾಲು ಮುರಿದವನಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದೆವು. ಕನ್ನಡದಲ್ಲೇ ತಾಳ್ಮೆಯಿಂದ ಕೇಳಿಸಿಕೊಂಡರು. (ಹಗಲು ರಾತ್ರಿ ಉಚಿತ, ಬೇಕಾದವರು ಬರೆದಿಟ್ಟುಕೊಳ್ಳಿ.) ಆದರೆ ವೈದ್ಯರು ಎದುರಿಗೇ ನೋಡಬೇಕು, ತಡ ಮಾಡಬೇಡಿ ಎಂದರು.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆಯಲ್ಲ, ಅದು ಮೂಡಿಗೆರೆ, ಬೇಲೂರು, ಸಕಲೇಶಪುರಗಳಲ್ಲಿ ಈಗ ಎಲ್ಲಿ ತಪ್ಪದೆ ನಡೆಯುತ್ತಿದೆ? ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಹೊಸ ರೋಗಿಗಳನ್ನು ಅದೇ ದಿನ ನೋಡುತ್ತಾರೆಯೇ? ಬೆಂಗಳೂರಿನ ನಿಮ್ಹಾನ್ಸ್‌ಗೂ ಹೊರಟೇವು, ಆದರೆ ಈ ಸ್ಥಿತಿಯಲ್ಲಿ ಅವನನ್ನು ಅಷ್ಟು ದೂರ ಬಸ್ಸಿನಲ್ಲಿ ಕರೆದೊಯ್ಯಲು ಅಮ್ಮ ಹೆದರುತ್ತಿದ್ದಾರೆ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ತಾಯಿತ, ಹರಕೆಯ ಸಲಹೆ ಬೇಡ. ಅವನಿಗೆ ಬೇಕಾಗಿರುವುದು ವೈದ್ಯರು.