ಎಲ್ಲ ಹಾಳಾದ ಮೇಲೂ ನಂಬಿಕೆ ಉಳಿಸಿಕೊಂಡವರು ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಯಾರಿದ್ದಾರೆ?

ಅಚ್ಚುಮೊಳೆ:
ಎಲ್ಲರಿಗೂ ವಂದನೆ. ಗದಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ನಮ್ಮ ಸಭೆಯ ಹಾಡಿನ ಹಾಳೆ ಅಚ್ಚು ಹಾಕುತ್ತಾ 19 ವರ್ಷ ಕಳೆದೆ. ಹೋದ ತಿಂಗಳು ಒಂದೇ ರಾತ್ರಿಯ ಮಳೆಗೆ ನೀರು ಸೊಂಟದ ಮಟ್ಟ ಬಂತು. ಮಷಿನ್ ಹೋಯಿತು. ಕಾಗದ ಗಂಜಿಯಾಯಿತು. ಅಪ್ಪ ಸಭೆಯಲ್ಲಿ ಉಪದೇಶ ಮಾಡಿದ ಪ್ರಸಂಗಗಳ ನೋಟ್‌ ಪುಸ್ತಕಗಳೂ ಅಲ್ಲೇ ಇದ್ದವು. ಪುಸ್ತಕ ಮಾಡೋಣ ಎಂದು ನಾನೇ ತಂದಿಟ್ಟಿದ್ದೆ. ಶಾಯಿ ಕರಗಿ ಪುಟವೆಲ್ಲ ನೀಲಿ. ನನ್ನವಳು ಅಂದಿನಿಂದ ಸರಿಯಾಗಿ ಮಾತಾಡಿಲ್ಲ.

ಮನೆಗೆ ಬಂದವರೆಲ್ಲ ಎಲ್ಲ ಕಳೆದುಕೊಂಡೂ ನಂಬಿಕೆ ಬಿಡದ ಬೈಬಲಿನ ಯೋಬನ ಕಥೆ ಹೇಳುತ್ತಾರೆ. ಅದು ಗೊತ್ತು. ನನಗೆ ತಾರೀಕು, ಊರು ಇರುವ ಮನುಷ್ಯರು ಬೇಕು. ನಮ್ಮ ಹಾಗೆ ಕಳೆದುಕೊಂಡು ಮರುದಿನ ಎದ್ದವರು ಯಾರಾದರೂ ಇದ್ದರೆ ಹೇಳಿ.

ಹಳೇ ಸಂಡೇ ಸ್ಕೂಲ್ ಟೀಚರ್:
ನಿಮ್ಮ ಕಸುಬಿನವರದೇ ಒಂದು ಕಥೆ ಇದೆ. ಬಂಗಾಳದ ಶ್ರೀರಾಮಪುರ, 1812ರ ಮಾರ್ಚ್ 11, ಸಂಜೆ. ಬೈಬಲನ್ನು ನಮ್ಮ ದೇಶದ ಭಾಷೆಗಳಿಗೆ ಅನುವಾದಿಸುತ್ತಿದ್ದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯವರ ಮಿಷನ್ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕಲ್ಕತ್ತಾದಲ್ಲಿದ್ದರು. ಅಚ್ಚುಕೂಟ ನೋಡಿಕೊಳ್ಳುತ್ತಿದ್ದ ವಿಲಿಯಂ ವಾರ್ಡ್ ಎಂಬವರು ಕಿಟಕಿ ಬಾಗಿಲೆಲ್ಲ ಮುಚ್ಚಿಸಿ, ಚಾವಣಿಯಲ್ಲಿ ತೂತು ಮಾಡಿ ಗಂಟೆಗಟ್ಟಲೆ ನೀರು ಹೊಯ್ಯಿಸಿದರು. ಬೆಂಕಿ ತಗ್ಗುತ್ತಿತ್ತು. ಅಷ್ಟರಲ್ಲಿ ಯಾರೋ ಕಿಟಕಿ ತೆಗೆದರು. ಗಾಳಿ ನುಗ್ಗಿತು, ಮುಗಿಯಿತು. ಒಂದೇ ಒಂದು ಕಿಟಕಿ! ಪ್ರತಿ ಸಲ ಇದನ್ನು ಓದುವಾಗ ನನ್ನ ಹೊಟ್ಟೆ ಕಿವುಚುತ್ತದೆ.

ಹಲವು ಭಾಷೆಗಳ ಅಚ್ಚುಮೊಳೆ, ಅಂದರೆ ಅಕ್ಷರ ಒತ್ತುವ ಸೀಸದ ಮೊಳೆ, ಕರಗಿತು. ರಾಶಿಗಟ್ಟಲೆ ಕಾಗದ ಸುಟ್ಟಿತು. ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳೂ ಹೋದವು. ಅದರಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯೂ (ಬೈಬಲಿನ ಎರಡನೇ ಭಾಗ) ಇತ್ತು. ನಿಮ್ಮ ಅಪ್ಪನ ನೋಟ್‌ ಪುಸ್ತಕದ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಬೂದಿ ಕೆದಕಿದಾಗ ಮೊಳೆ ಎರಕ ಹೊಯ್ಯುವ ಉಕ್ಕಿನ ಪಂಚುಗಳೂ ಅಚ್ಚುಗಳೂ ಕೆಡದೆ ಸಿಕ್ಕವು. ಮುದ್ರಣ ಯಂತ್ರಗಳೂ ಉಳಿದಿದ್ದವು. ಕರಗಿದ ಸೀಸವನ್ನೇ ಒಟ್ಟು ಮಾಡಿ ಹೊಸ ಮೊಳೆ ಎರೆದರು. ಕೆಲವೇ ವಾರಗಳಲ್ಲಿ ಮುದ್ರಣ ಶುರುವಾಯಿತು. ಕೇರಿ ಬೈಬಲಿನ 46ನೆಯ ಕೀರ್ತನೆಯ ವಚನ ಹಿಡಿದು ಪ್ರಸಂಗ ಮಾಡಿದರು. ಸುಮ್ಮನಿದ್ದು ನಾನೇ ದೇವರೆಂದು ತಿಳಿಯಿರಿ ಎನ್ನುವುದು. ನಡೆದ ದಾರಿಯಲ್ಲೇ ಎರಡನೇ ಸಲ ನಡೆಯುವುದು ಎಷ್ಟೇ ನೋವಾದರೂ ಮೊದಲಿಗಿಂತ ಸಲೀಸು ಅಂತ ಕಾಗದ ಬರೆದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. 1820ರ ದಶಕದಲ್ಲಿ ಅಲ್ಲಿಂದಲೇ ಕನ್ನಡ ಹೊಸ ಒಡಂಬಡಿಕೆಯೂ ಅಚ್ಚಾಯಿತು.

ಕುಡ್ಲದವ:
ಮಂಗಳೂರಿನದೂ ಒಂದು ಸೇರಿಸುತ್ತೇನೆ. 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಕಟ್ಟಿತು. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನಿಯ ಜೊತೆ ಕಾದಾಡುತ್ತಿದ್ದ ಬ್ರಿಟಿಷ್ ಸರ್ಕಾರ ಇಲ್ಲಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶ ಬಿಡಿಸಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆಗ ಸಭೆಯನ್ನು ಹಿಡಿದು ನಿಲ್ಲಿಸಿದವರಲ್ಲಿ ಊರಿನ ಪಾದ್ರಿ ಅಯ್ಯನವರು, ಉಪದೇಶಿಗಳು, ಮನೆಮನೆಯ ಅಜ್ಜಿಯರು ಇದ್ದರು. ನಾವು ಅವರ ಮೊಮ್ಮಕ್ಕಳು.

ನರ್ಸಮ್ಮ:
ಟೀಚರ್ ಹೇಳಿದ್ದು ನಿಜ. ಆದರೆ ಕೇರಿಯವರ ಮನೆಯಲ್ಲಿ ಡೊರೊಥಿ ಎಂಬ ಹೆಂಗಸೂ ಇದ್ದರು, ಅವರ ಹೆಂಡತಿ. ಇಂಡಿಯಾಗೆ ಬರಲು ಮೊದಲು ಒಪ್ಪಿರಲಿಲ್ಲ. ಕೊನೆಗೆ ಕೈಗೂಸಿನ ಜೊತೆ ಹಡಗು ಹತ್ತಿದರು. ಬಂದ ಮರುವರ್ಷ, 1794ರಲ್ಲಿ, 5 ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಆ ಹೊತ್ತಿನಿಂದ ಅವರ ಮನಸ್ಸು ಕೆಟ್ಟಿತು. 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಗಂಡ ಒಂದು ಕೋಣೆಯಲ್ಲಿ ಅನುವಾದ ಮಾಡುತ್ತಿದ್ದರೆ ಪಕ್ಕದಲ್ಲಿ ಅವರ ಕೂಗು ಕೇಳುತ್ತಿತ್ತು. ಸೀಸ ಕರಗಿದರೆ ಮತ್ತೆ ಎರೆಯಬಹುದು. ಡೊರೊಥಿಗೆ ಅಂಥದ್ದೇನೂ ಸಿಗಲಿಲ್ಲ. ಅವರೂ ಸಭೆಯ ಚರಿತ್ರೆಯೇ ಅಲ್ವಾ? ಅವರ ಹೆಸರು ಬಿಟ್ಟು ನಿರೀಕ್ಷೆಯ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಕ್ರಿಸ್ತನು ಎದ್ದದ್ದು ಅಂಥವರಿಗಾಗಿಯೂ ಎಂದು ನಾನು ನಂಬುತ್ತೇನೆ.

ಅಣ್ಣಾ, ನಿಮ್ಮ ಹೆಂಡತಿ ಊಟ, ನಿದ್ದೆ ಮಾಡುತ್ತಾರಾ? ಮಾಡದಿದ್ದರೆ ಡಾಕ್ಟರಿಗೆ ತೋರಿಸಿ. ಈಗ ಅದಕ್ಕೆ ಔಷಧಿ ಇದೆ.

ಅಚ್ಚುಮೊಳೆ:
ಟೀಚರ್ ಬರೆದದ್ದನ್ನು ನಿನ್ನೆ ಎರಡು ಸಲ ಓದಿದೆ. ಅವಳಿಗೂ ಓದಿ ಹೇಳಬೇಕು ಎಂದು ಫೋನ್ ಹಿಡಿದು ಅಡುಗೆಮನೆಗೆ ಹೋದವನು ನರ್ಸಮ್ಮನ ಮಾತು ನೋಡಿ ಬಾಗಿಲಲ್ಲೇ ನಿಂತೆ. ಇಲ್ಲ ಅಕ್ಕಾ, ನಿದ್ದೆ ಇಲ್ಲ. ಒಂದು ತಿಂಗಳಿಂದ ನಾನು ಬರೀ ಮಷಿನ್ ಲೆಕ್ಕ ಹಾಕುತ್ತಿದ್ದೆ. ಕಥೆ ಹೇಳಲಿಲ್ಲ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದೆ. ಅರ್ಧ ಮುಗಿದ ಮೇಲೆ ಅವಳು, ಮಾವನ ಪ್ರಸಂಗಗಳಲ್ಲಿ ತನಗೆ ಮೂರು ನಾಲ್ಕು ಬಾಯಿಗೆ ಬರುತ್ತವೆ ಎಂದಳು. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಬರುವಾಗ 200 ಪುಟದ ಒಂದು ನೋಟ್‌ ಪುಸ್ತಕ ತರುತ್ತೇನೆ.