ಸ್ಲ್ಯಾಬ್‌ಗೆ ಆರು ದಿನ ಬಾಕಿ, ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ) 20 ಮಿ.ಮೀ. ಮಾತ್ರ. ಕಡಲ ಹತ್ತಿರ ಸಾಕಾಗುತ್ತಾ? (ಅಂಕೋಲಾ)

ಬೇಲೆಕೇರಿ_ಮನೆ:
ಕಡಲಿಂದ ಸುಮಾರು 800 ಮೀಟರ್ ದೂರ. ಸ್ಲ್ಯಾಬ್ 1000 ಚದರಡಿ, 5 ಇಂಚು ದಪ್ಪ, 10 ಮಿ.ಮೀ. ಕಂಬಿ. ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ತಾತ್ಕಾಲಿಕ ಶೀಟು, ಆಸರೆ) ಮುಗಿದು ಕಂಬಿ ಕಟ್ಟಿದ್ದಾರೆ. ಕೆಳಗೆ ಕವರ್ ಬ್ಲಾಕ್ ಬದಲು ಜೆಲ್ಲಿ ಚೂರು ಕೊಟ್ಟಿದ್ದಾರೆ, ಅಂದಾಜು 20 ಮಿ.ಮೀ. ಮೇಸ್ತ್ರಿ "ಇಲ್ಲೆಲ್ಲ ಹೀಗೇ" ಅಂತಾರೆ. ಬಾವಿ ನೀರು ಈಗ ಸ್ವಲ್ಪ ಸವುಳು. 45 ಮಿ.ಮೀ. ಬ್ಲಾಕ್ ತಂದು ಕಂಬಿ ಎತ್ತಿಸಿದರೆ ಆಯ್ತಾ?

ಕಾಳಿ_ದಂಡೆ:
ಬರೀ ಎತ್ತಿಸಬೇಡಿ ಸರ್. 5 ಇಂಚು ಅಂದರೆ 125 ಮಿ.ಮೀ. ಅದರಲ್ಲಿ ಕವರ್ 20, ಕಂಬಿಯ ಅರ್ಧ 5 ಕಳೆದರೆ ಕೆಲಸಕ್ಕೆ ಬರುವ ಆಳ (ಸ್ಲ್ಯಾಬಿನ ಮೇಲ್ಮೈಯಿಂದ ಕಂಬಿಯ ನಡುವಿನವರೆಗೆ) 100. ಬ್ಲಾಕ್ 45ಕ್ಕೆ ಏರಿಸಿದರೆ ಉಳಿಯುವುದು 75. ತುಕ್ಕು ತಪ್ಪಿಸಲು ಹೋಗಿ ಭಾರ ಹೊರುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಕಾಲುಭಾಗ ಕಳೆದುಕೊಳ್ಳುತ್ತೀರಿ. ಕವರ್ ಏರಿದಷ್ಟು ದಪ್ಪವೂ ಏರಬೇಕು. 6 ಇಂಚು ಮಾಡಿದರೆ ಮತ್ತೆ 100 ಸಿಗುತ್ತದೆ, ಆದರೆ ಚದರ ಮೀಟರಿಗೆ 60 ಕಿಲೋ ಚಿಲ್ಲರೆ ತೂಕ ಹೆಚ್ಚಿ ಬೀಮಿನ ಮೇಲೆ ಬೀಳುತ್ತದೆ. ಎಂಜಿನಿಯರ್ ಬೀಮಿನ ಲೆಕ್ಕ ನೋಡಿ ಒಪ್ಪಿದ ಮೇಲೇ ಸೈಡ್ ಹಲಗೆ ಎತ್ತರಿಸಿ. ಕಾಂಕ್ರೀಟ್ ಸುಮಾರು 2.3 ಘನ ಮೀಟರ್ ಜಾಸ್ತಿ ಬೇಕು.

ಜೆಲ್ಲಿ ಚೂರು ಮಾತ್ರ ಇವತ್ತೇ ತೆಗೆಸಿ. ಜನ ಓಡಾಡಿದರೆ ಅದು ಉರುಳುತ್ತದೆ, ಕಂಬಿ ಶೀಟಿಗೆ ತಾಗುತ್ತದೆ, ಅಲ್ಲಿ ಕವರ್ ಸೊನ್ನೆ. ಸಿಮೆಂಟ್ ಬ್ಲಾಕ್ ಮೂರು ಅಡಿಗೊಂದು. ಬೈಂಡಿಂಗ್ ವೈರಿನ ತುದಿಗಳನ್ನೂ ಮೇಲಕ್ಕೆ ಮಡಚಿಸಿ. ಕೆಳಗೆ ಚಾಚಿದ ತುದಿಯೇ ಮೊದಲು ತುಕ್ಕು ಹಿಡಿದು ಸೀಲಿಂಗಿನಲ್ಲಿ ಕಂದು ಚುಕ್ಕೆಯಾಗುತ್ತದೆ.

ಘಟ್ಟದಕೆಳಗೆ:
ಒಂದು ಸೇರಿಸುತ್ತೇನೆ. ಐಎಸ್ 456:2000 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಭಾಗಕ್ಕೆ 45 ಮಿ.ಮೀ. ಕವರ್ ಮತ್ತು ಎಂ30 (ಕಾಂಕ್ರೀಟಿನ ಬಲದ ದರ್ಜೆ). ಉಪ್ಪುಗಾಳಿಯಿಂದ ಮರೆಯಾದ ಭಾಗಕ್ಕೆ 30 ಮಿ.ಮೀ. ಮತ್ತು ಎಂ25 ಸಾಕು. ಹಾಗಾಗಿ ಕೋಣೆಗಳೊಳಗಿನ ಸೀಲಿಂಗಿಗೆ 30 ಇಡಬಹುದು, ಆಳ 90 ಆಗುತ್ತದೆ, ಅದಕ್ಕೂ ಲೆಕ್ಕ ಬೇಕು. ಪೋರ್ಚ್, ಛಜ್ಜಾ (ಕಿಟಕಿ ಮೇಲಿನ ಚಾಚು), ಸ್ಲ್ಯಾಬಿನ ಅಂಚಿಗೆ 45 ಇರಲೇಬೇಕು. ಎಲ್ಲ ಒಂದೇ ದಿನ ಹಾಕುವುದರಿಂದ ಕಾಂಕ್ರೀಟ್ ಎಂ30 ಒಂದೇ ಇರಲಿ.

ಬೇಲೆಕೇರಿ_ಮನೆ:
ಮೇಸ್ತ್ರಿ ಹೇಳುವ 1:1.5:3 (ಸಿಮೆಂಟ್:ಉಸುಕು:ಜೆಲ್ಲಿ) ಎಂ30 ಆಗುತ್ತಾ? ಛಜ್ಜಾ 4 ಇಂಚು ಇದೆ.

ಘಟ್ಟದಕೆಳಗೆ:
ಇಲ್ಲ, ಅದು ಎಂ20. ಎಂ30ಗೆ ಲ್ಯಾಬಿನ ಮಿಕ್ಸ್ ಡಿಸೈನ್ ಬೇಕು, ಇಲ್ಲವೇ ಆರ್‌ಎಂಸಿ (ಪ್ಲಾಂಟಿನಿಂದ ಬರುವ ಸಿದ್ಧ ಕಾಂಕ್ರೀಟ್) ತರಿಸಿ. ಘನ ಮೀಟರಿಗೆ ಸಿಮೆಂಟ್ 320 ಕಿಲೋಗೆ ಕಡಿಮೆ ಬೇಡ. 6 ಇಂಚಿನ ಸ್ಲ್ಯಾಬ್ ಸುಮಾರು 14 ಘನ ಮೀಟರ್, ಅಂದರೆ 90 ಚೀಲ. ನೀರು ಚೀಲಕ್ಕೆ 22 ಲೀಟರ್, ಉಸುಕಿನಲ್ಲಿರುವ ಹಸಿಯೂ ಇದರಲ್ಲೇ ಲೆಕ್ಕ. ಗಟ್ಟಿಯಾಯ್ತು ಅಂತ ಮಿಕ್ಸರಿಗೆ ಪೈಪ್ ಹಿಡಿಯುವುದೇ ನಮ್ಮ ಕಡೆ ದೊಡ್ಡ ರೋಗ. ಹೆಚ್ಚಿನ ನೀರು ಆರಿದ ಮೇಲೆ ಉಳಿಯುವ ಸಣ್ಣ ದಾರಿಗಳಲ್ಲೇ ಉಪ್ಪು ಒಳಗೆ ಹೋಗುವುದು. ಹರಿವು ಬೇಕಿದ್ದರೆ ಪ್ಲಾಸ್ಟಿಸೈಸರ್ (ನೀರು ಸೇರಿಸದೆ ಹರಿವು ಕೊಡುವ ರಾಸಾಯನಿಕ) ಹಾಕಿ.

ಸವುಳು ಬಾವಿ ನೀರು ಬೇಡವೇ ಬೇಡ. ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ನೀರಿನಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಲೀಟರಿಗೆ 500 ಮಿ.ಗ್ರಾಂ. ಮೀರಬಾರದು. ಕ್ಯೂರಿಂಗಿಗೂ ಸಿಹಿನೀರಿನ ಟ್ಯಾಂಕರ್ ತರಿಸಿ. ಅಳಿವೆ ಕಡೆಯ ಉಸುಕಾದರೆ ಒಣಗಿದಾಗ ಬಿಳಿ ಪುಡಿ ಕಾಣುತ್ತದೆ, ಹಾಗಿದ್ದರೆ ವಾಪಸ್ ಕಳಿಸಿ.

ಕಾಳಿ_ದಂಡೆ:
ಛಜ್ಜಾದಲ್ಲಿ ಮುಖ್ಯ ಕಂಬಿ ಮೇಲಿರಬೇಕು. 4 ಇಂಚಿನಲ್ಲಿ ಮೇಲಿಂದ 45 ಬಿಟ್ಟರೆ ಆಳ 50 ಸಿಗುವುದೂ ಕಷ್ಟ. ಗೋಡೆಯ ಬುಡದಲ್ಲಿ 5 ಇಂಚಾದರೂ ಮಾಡಿಸಿ. ಕಂಬಿಗೆ ಕುರ್ಚಿ (ಕೆಳಗಿನಿಂದ ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಕಟ್ಟಿ. ಕಾಂಕ್ರೀಟ್ ಸುರಿಯುವಾಗ ಆಳು ಅದರ ಮೇಲೆ ನಿಂತು ಕಂಬಿ ಕೆಳಗೆ ಹೋದರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಛಜ್ಜಾ ಬೀಳಬಹುದು. ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಲು ಸಣ್ಣ ತೋಡೂ (ಗ್ರೂವ್) ಇರಲಿ. ಇಲ್ಲದಿದ್ದರೆ ಮಳೆನೀರು ಒಳಕ್ಕೆ ಹರಿದು ಅಲ್ಲೇ ಕಂಬಿ ಮೊದಲು ಉಬ್ಬುತ್ತದೆ.

ಬೇಲೆಕೇರಿ_ಮನೆ:
ಎಂಜಿನಿಯರಿಗೆ ಇದೇ ಲೆಕ್ಕ ಕಳಿಸಿದೆ. ಬೀಮ್ ನೋಡಿ ಹೇಳುವವರೆಗೆ ಸೋಮವಾರದ ಕೆಲಸ ಮುಂದೂಡಿದ್ದೇವೆ. ಸಿಮೆಂಟ್ ಪಿಪಿಸಿ (ಹಾರುಬೂದಿ ಬೆರೆತದ್ದು). ಹಾಲ್ 16 ಅಡಿ, ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಬಹುದು?

ಘಟ್ಟದಕೆಳಗೆ:
16 ಅಡಿ ಅಂದರೆ 4.5 ಮೀಟರಿಗಿಂತ ಹೆಚ್ಚು, ಓಪಿಸಿಗೇ (ಸಾದಾ ಸಿಮೆಂಟಿಗೇ) ಪ್ರಾಪ್ (ಆಸರೆ ಕಂಬ) 14 ದಿನ ಇರಬೇಕು. ಪಿಪಿಸಿ ನಿಧಾನ, 21 ದಿನ ಬಿಡಿ. ಮೇಲೆ ಗಾರೆ ಕಟ್ಟೆ ಕಟ್ಟಿ 14 ದಿನ ನೀರು ನಿಲ್ಲಿಸಿ. ಕಾಂಕ್ರೀಟ್ ಬೆಳಿಗ್ಗೆ ಆರಕ್ಕೇ ಶುರುವಾಗಲಿ.